ಪ್ರಣಿತಾ ಹಿಡಿದ ಮೊದಲ ಸ್ವರ

ಹುಮನಾಬಾದಿಗೆ ಹೋಗುವ ಬಸ್ಸಿನ ಇಂಜಿನ್ ಯಾವ ಸ್ವರದಲ್ಲಿ ಗುರುಗುಟ್ಟುತ್ತದೆ ಎಂದು ದುಬಲಗುಂಡಿಯಲ್ಲಿ ಯಾರಾದರೂ ತಲೆ ಕೆಡಿಸಿಕೊಂಡಿದ್ದರೆ ಅದು ಪ್ರಣಿತಾ ಒಬ್ಬಳೇ. ಹಿಟ್ಟಿನ ಗಿರಣಿಯ ಸ್ವರವೂ ಅವಳಿಗೆ ಗೊತ್ತು, ಕುಕ್ಕರಿನ ಸೀಟಿಯದೂ ಗೊತ್ತು. ಗಿರಣಿಯದು ಹಾರ್ಮೋನಿಯಂ ಪೇಟಿಯ ಕರಿ ಎರಡನೇ ಪಟ್ಟಿ ಎಂದು ಸರದಿಯಲ್ಲಿ ನಿಂತವರಿಗೆಲ್ಲ ಹೇಳುತ್ತಿದ್ದಳು. ಈ ಹುಡುಗಿಗೆ ಬೇರೆ ಕೆಲಸವಿಲ್ಲವೇ ಎಂದು ಅವರು ನಗುತ್ತಿದ್ದರು.

ಆ ಚಟ ಹತ್ತಿಸಿದವನು ಅಪ್ಪ ನರಸಿಂಗ. ಹಗಲು ಹೊಲದ ಕೂಲಿ, ಸಂಜೆ ಬುದ್ಧವಿಹಾರದ ಮುಂದೆ ಭೀಮಗೀತೆ. ವಿಹಾರದ ಹಾಡಿಕೆಯಲ್ಲಿ ಒಂದು ಪದ್ಧತಿ ಇತ್ತು. ಹಾಡುವವನು ಪೇಟಿಯಿಂದ ಸ್ವರ ಕೇಳಿಕೊಳ್ಳುತ್ತಿರಲಿಲ್ಲ. ಗಂಟಲು ಎಲ್ಲಿ ತೆರೆಯಿತೋ ಅಲ್ಲಿಂದಲೇ ಸುರು, ಪೇಟಿಯವರು ಓಡಿಬಂದು ಕೂಡಿಕೊಳ್ಳಬೇಕು. ಏಳನೇ ವಯಸ್ಸಿನಿಂದ ಪೇಟಿ ಪ್ರಣಿತಾಳದು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳ ಬೆರಳು ಅವನ ಸ್ವರದ ಪಟ್ಟಿಯ ಮೇಲಿರುತ್ತಿತ್ತು.

ಸಂಗೀತದ ಎಂ.ಎ.ಗೆ ಸೇರಿದಾಗ ವಿಶ್ವವಿದ್ಯಾಲಯದ ಒಂದು ಮೂಲೆಯಲ್ಲಿ ಹಳೆಯ ಆರ್ಗನ್ ಕಂಡಳು. ಯಾವುದೋ ಮುಚ್ಚಿಹೋದ ನಾಟಕ ಕಂಪನಿಯದು, ಕಾಲಿನಿಂದ ತುಳಿದು ಗಾಳಿ ತುಂಬುವಂಥದ್ದು. ಅಂದರೆ ನುಡಿಸಲು ಎರಡೂ ಕೈ ಖಾಲಿ! ಅವಳಿಗೆ ತಡೆಯಲಾಗಲಿಲ್ಲ. ನೆಲಕ್ಕೆ ಮಲಗಿ, ಹಿಂದಿನ ಹಲಗೆ ಬಿಚ್ಚಿ, ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ವಾರಗಟ್ಟಲೆ ನೋಡಿದಳು. ಐದು ವರ್ಷದಲ್ಲಿ ಸೋಲಾಪುರದವರೆಗಿನ ಗಾಯಕರು ತಮ್ಮ ಕಛೇರಿಯಲ್ಲಿ ಜೊತೆಗೆ ನುಡಿಸಲು ಅವಳನ್ನೇ ಕರೆಯತೊಡಗಿದರು.

ಅದೇ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಉಪನ್ಯಾಸಕರ ಹುದ್ದೆ ತೆರೆಯಿತು. ಸಂದರ್ಶನದಲ್ಲಿ, "ಇಪ್ಪತ್ತು ನಿಮಿಷ ನುಡಿಸಿ" ಎಂದರು. ಪ್ರಣಿತಾ ಆರ್ಗನ್ ತುಳಿದು ಗಾಳಿ ತುಂಬಿದಳು, ಪಟ್ಟಿಗಳ ಮೇಲೆ ಕೈ ಇಟ್ಟಳು, ಸುಮ್ಮನೆ ಕೂತಳು. ಪರೀಕ್ಷಕರು ಕಾದರು. ಅವಳೂ ಕಾದಳು.

"ಯಾಕಮ್ಮ, ಏನಾಯಿತು?" ಎಂದರು ವಿಭಾಗದ ಮುಖ್ಯಸ್ಥೆ ರುಕ್ಮಿಣಿಬಾಯಿ.

"ಹಾಡವ್ರು ಇನ್ನಾ ಬಂದಿಲ್ರಿ," ಎಂದಳು ಪ್ರಣಿತಾ.

ಎಲ್ಲರೂ ನಕ್ಕರು. ಒಬ್ಬಳೇ ನುಡಿಸಬೇಕು ಎಂದು ತಿಳಿದ ಮೇಲೂ ಅವಳ ಬೆರಳು ಏಳಲಿಲ್ಲ. ಹುದ್ದೆಯನ್ನು ಯಾರಿಗೂ ಕೊಡದೆ ಮುಂದಿನ ವರ್ಷಕ್ಕೆ ತಳ್ಳಿದರು.

ಮನೆಯಲ್ಲಿ ಇದನ್ನು ಕೇಳಿ ಅವ್ವ ಗಿರಿಜಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನರಸಿಂಗ ನಗಲಿಲ್ಲ.

"ತಪ್ಪು ನಂದ. ನಿನಗ ಬೆನ್ನು ಹತ್ತೂದಷ್ಟ ಕಲಿಸೀನಿ," ಎಂದ. "ಇವತ್ತಿನಿಂದ ನಾ ಹಾಡಂಗಿಲ್ಲ. ನೀ ಸುರು ಮಾಡು."

ಹಲ್ಲುಜ್ಜುವಾಗಲೂ ಗುನುಗುತ್ತಿದ್ದ ಮನುಷ್ಯ ಬಾಯಿ ಹೊಲಿದುಕೊಂಡ. ವಿಹಾರದ ಹಾಡಿಕೆಗೂ ಹೋಗಲಿಲ್ಲ. ಪ್ರತಿ ಸಂಜೆ ಮಗಳ ಪೇಟಿಯ ಎದುರು ಬಂದು ತುಟಿ ಬಿಗಿದು ಕೂರುತ್ತಿದ್ದ. "ಮೂವತ್ತು ವರ್ಷದಾಗ ಈ ಬಾಯಿ ಮುಚ್ಚಸಾಕ ನನಗ ಆಗಿರಲಿಲ್ಲ ನೋಡು," ಎಂದು ಗಿರಿಜಾಬಾಯಿ ಮಗಳನ್ನು ಹೊಗಳಿದಳು.

ಮೊದಲ ತಿಂಗಳು ಪ್ರಣಿತಾ ಅಪ್ಪನ ಗಂಟಲನ್ನೇ ನೋಡಿದಳು. ಆಮೇಲೆ ಎಂದಿನಂತೆ ಕುತೂಹಲ ಕೆರಳಿತು. ಮೊದಲ ಸ್ವರವನ್ನು ಜನ ಎಲ್ಲಿಂದ ತರುತ್ತಾರೆ? ಒಂದೊಂದು ದಿನ ಒಂದೊಂದು ಪಟ್ಟಿಯಿಂದ ಸುರು ಮಾಡಿ ನೋಡಿದಳು. ಅದನ್ನು ಎಲ್ಲಿಂದಲೂ ತರುವುದಿಲ್ಲ, ಧೈರ್ಯವಾಗಿ ಇಡುವುದು ಅಷ್ಟೇ ಎಂದು ತಿಳಿಯುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಅಷ್ಟು ದಿನವೂ ಅಪ್ಪ ಒಂದು ಸಾಲು ಹಾಡಿರಲಿಲ್ಲ. ಅವನ ಮುಖ ನೋಡಿದರೆ ಅವಳಿಗೆ ಪಾಪ ಎನಿಸುತ್ತಿತ್ತು.

ಚಳಿಗಾಲದಲ್ಲಿ ಬಸವಕಲ್ಯಾಣದ ಸಭಾಭವನದಲ್ಲಿ ಅವಳ ಮೊದಲ ಸ್ವತಂತ್ರ ಕಛೇರಿ. ಆರ್ಗನ್ ಟೆಂಪೋದಲ್ಲಿ ಬಂತು. ರುಕ್ಮಿಣಿಬಾಯಿಯವರೂ ಬಂದರು. "ಈ ಸಲವೂ ಹಾಡುವವರಿಗೆ ಕಾಯುತ್ತ ಕೂತರೆ ನಾನು ಸಂದರ್ಶನಕ್ಕೆ ಇನ್ನೊಮ್ಮೆ ಕರೆಯುವುದಿಲ್ಲ" ಎಂದು ಮೊದಲೇ ಹೇಳಿದ್ದರು. ಪ್ರಣಿತಾ ಕಾಯಲಿಲ್ಲ. ಅರ್ಧ ಗಂಟೆ ರಾಗ ನುಡಿಸಿ, ಕೊನೆಗೆ ವಿಹಾರದಲ್ಲಿ ಹಾಡುತ್ತಿದ್ದ ಭೀಮಗೀತೆಯೊಂದನ್ನು ಎತ್ತಿಕೊಂಡಳು.

ಮೊದಲ ಸಾಲಿನಲ್ಲಿ ಕೂತಿದ್ದ ನರಸಿಂಗ ಮೈಮರೆತು ಬಾಯಿ ತೆರೆದ. ತನ್ನ ಹಾಡು, ಮಗಳ ಕೈ, ಇನ್ನೆಷ್ಟು ತಡೆದಾನು! ಎಂದಿನಂತೆ ಗಂಟಲು ತೆರೆದಲ್ಲಿಂದ, ಆರ್ಗನ್ನಿಗಿಂತ ಮೂರು ಪಟ್ಟಿ ಮೇಲಿಂದ. ಜನ ತಿರುಗಿ ನೋಡಿದರು. ಪ್ರಣಿತಾಳ ಬೆರಳು ಅಪ್ಪನ ಕಡೆ ಓಡಲು ತುಡಿಯಿತು. ಓಡಿದ್ದರೆ ಆ ಕಛೇರಿ ಅಪ್ಪನದಾಗುತ್ತಿತ್ತು. ಅವಳು ಹಲ್ಲು ಕಚ್ಚಿ ತನ್ನ ಸ್ವರದಲ್ಲೇ ನಿಂತಳು. ನರಸಿಂಗ ಹಾಡು ನಿಲ್ಲಿಸಿದ, ಕಿವಿಗೊಟ್ಟ, ದನಿ ಇಳಿಸಿ ತಡಕಾಡಿದ. ಎರಡನೇ ಸಾಲಿಗೆ ಅವಳ ಸ್ವರಕ್ಕೆ ಬಂದು ಸೇರಿದ. ಅವಳ ಕಣ್ಣಲ್ಲಿ ನೀರು ಬಂತು.

ಹುದ್ದೆ ಸಿಕ್ಕಿತು. ಆರು ವರ್ಷದಿಂದ ಪ್ರಣಿತಾ ಅಲ್ಲೇ ಪಾಠ ಹೇಳುತ್ತಿದ್ದಾಳೆ, ಊರೂರಿಗೆ ಆರ್ಗನ್ ಒಯ್ದು ಕಛೇರಿ ಕೊಡುತ್ತಿದ್ದಾಳೆ. ಆದರೆ ಅವತ್ತು ಕಛೇರಿ ಮುಗಿದ ಕೂಡಲೇ ಅವಳು ಕೆಳಗಿಳಿದು ಅಪ್ಪನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಯಾಕ ಹಾಡಿದಿ ಅಪ್ಪಾ? ಎದಿ ಹೊಡಕೊಂಡಿತ್ತು ನಂದು."

ನರಸಿಂಗ ತಲೆ ತಗ್ಗಿಸಿ ನಕ್ಕ. "ಖರೇ, ತಪ್ಪಾತವ್ವ. ನೀ ಎಲ್ಲಿದ್ದಿ ಅಂತ ಹುಡುಕಾಕ ಜರಾ ಹೊತ್ತಾತು."