ಬಡಗಿಯಣ್ಣನ ಸಡಿಲ ಬಾಗಿಲುಗಳು

ನಮ್ಮ ಬಡಗಿಯಣ್ಣ ಮಾಡಿದ ಬಾಗಿಲು ಚೌಕಟ್ಟಿನಲ್ಲಿ ಎಷ್ಟು ಬಿಗಿಯಾಗಿ ಕೂರುತ್ತಿತ್ತೆಂದರೆ ಇರುವೆ ನುಸುಳಲೂ ಸಂದಿ ಇರುತ್ತಿರಲಿಲ್ಲ. ಅದೇ ಅವನ ಹೆಮ್ಮೆ. ಭೂಕಂಪದ ಬೆಳಿಗ್ಗೆ ಆ ಹೆಮ್ಮೆಯೇ ಮುಳುವಾಯಿತು. ಚೌಕಟ್ಟು ಸೊಟ್ಟಗಾಗಿ ಕೋಣೆಯ ಬಾಗಿಲು ಕಚ್ಚಿಕೊಂಡಿತು, ಒಳಗೆ ಹೆಂಡತಿ. ಕೊಡಲಿ ತಂದು ಒಡೆಯುವಷ್ಟರಲ್ಲಿ ಸೂರು ಕುಸಿದಿತ್ತು.

ಈಗ ಅವನು, ಅವನ ತಾಯಿ, ಮಗಳು ನಮ್ಮ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದಾರೆ. ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರಮ್ಮ ಬರುತ್ತಾರೆ. ಒಂದು ವಾರ ಮಕ್ಕಳ ಸರದಿ, ಮುಂದಿನ ವಾರ ಮುದುಕರದು. ನಡುವಯಸ್ಸಿನವರಿಗೆ ಮನಸ್ಸೇ ಇಲ್ಲವೇ ಎಂದು ನನಗೆ ಮೈ ಉರಿಯುತ್ತಿತ್ತು. ಬಡಗಿಯಣ್ಣನೋ ಎಲ್ಲರಿಗೂ ಕುರ್ಚಿ ಹೊತ್ತು ಹಾಕುತ್ತಿದ್ದ.

"ನೀವು ಹೇಗಿದ್ದೀರಿ?" ಎಂದು ಡಾಕ್ಟರಮ್ಮ ಒಮ್ಮೆ ಕೇಳಿದರು.

"ನನಗೇನು ಧಾಡಿ ಅಮ್ಮಾ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ನಕ್ಕ. ಅವರೂ ನಂಬಿ ಮುಂದೆ ಹೋದರು. ನಿಜ ಹೇಳಬೇಕೆಂದರೆ ಅವನ ಮುಪ್ಪಿನ ತಾಯಿಯೇ ಗಟ್ಟಿ; ತಲೆ ಇಟ್ಟರೆ ಗೊರಕೆ.

ಅವನ ಗುಟ್ಟು ಬಿಟ್ಟುಕೊಟ್ಟದ್ದು ಕೆಲಸ. ಹೊಸ ಶಾಲೆಗೆ ಬಾಗಿಲು ಮಾಡಲು ಮೇಸ್ತ್ರಿ ಕರೆದಿದ್ದ. ನಾನೂ ಅಲ್ಲೇ ಗಾರೆ ಕಲೆಸುತ್ತಿದ್ದೆ. ಇವನು ಬಾಗಿಲಿನ ಅಂಚನ್ನು ಕೀಸಿದ, ಮತ್ತೂ ಕೀಸಿದ, ಬೆರಳು ತೂರುವಷ್ಟು ಸಂದಿ ಬಿಟ್ಟ. ಎಲ್ಲ ಬಾಗಿಲೂ ಹಾಗೇ.

"ಇದೇನು ಬಾಗಿಲೋ ಬೇಲಿಯೋ?" ಮೇಸ್ತ್ರಿ ರೇಗಿದ. "ಉಳಿದಿರೋ ಇದೊಂದನ್ನಾದ್ರೂ ಸರಿಯಾಗಿ ಕೂರಿಸು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಹಲ್ಲು ಕಚ್ಚಿ ಅದೊಂದನ್ನು ಹಳೆಯ ಕೈಚಳಕದಲ್ಲೇ ಕೂರಿಸಿದ. ಮುಚ್ಚಿ ತೋರಿಸಲು ಮಾತ್ರ ಕೈ ಏಳಲಿಲ್ಲ. ಊಟ ತಂದಿದ್ದ ತಾಯಿ, "ನಾನು ಒಳಗಿರ್ತೀನಿ, ಮುಚ್ಚೋ, ಏನೂ ಆಗಲ್ಲ" ಎಂದು ಹೋಗಿ ನಿಂತಳು. ಮಗನಿಗೆ ಧೈರ್ಯ ತುಂಬಲು ಪಾಪ, ಮುದುಕಿಗೆ ತೋಚಿದ್ದು ಅಷ್ಟೇ. ಅವನು ಮುಚ್ಚಿದ. ಮೇಸ್ತ್ರಿ ಭೇಷ್ ಅನ್ನುವ ಮೊದಲೇ ಇವನು ಅಲ್ಲೇ ಬಿದ್ದಿದ್ದ ಕೊಡಲಿ ಎತ್ತಿದ್ದ.

"ಇರು ಕಣೇ, ಬಂದೆ, ಬಂದೆ!" ಎಂದು ಅರಚುತ್ತಾ ಹೊಸ ಹಲಗೆಯನ್ನು ಸೀಳಿಹಾಕಿದ. ಆಚೆ ತಾಯಿ ಗೋಡೆಗಂಟಿ ನಡುಗುತ್ತಿದ್ದಳು.

ಕೆಲಸ ಹೋಯಿತು. ಮುದುಕರ ವಾರ ಬಂದಾಗ ತಾಯಿ ಅವನ ಕೈಹಿಡಿದು ಎಳೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು.

"ಅಜ್ಜೀ, ಇವತ್ತು ವಯಸ್ಸಾದವರಿಗೆ ಮಾತ್ರ" ಎಂದರು ಡಾಕ್ಟರಮ್ಮ.

"ನನಗೆ ವಯಸ್ಸಾಗೋಕೆ ಎಂಬತ್ತು ವರ್ಷ ಹಿಡೀತು ತಾಯೀ. ಇವನಿಗೆ ಒಂದು ಬೆಳಿಗ್ಗೆ ಸಾಕಾಯ್ತು. ಇವನನ್ನ ನೋಡಿ."

ಅವನು ಏಳಲು ಹೋದ. ತಾಯಿ ಹೆಗಲು ಅದುಮಿ ಹಿಡಿದಳು. ಆಮೇಲೆ ಅವನು ಅತ್ತದ್ದು ನಮ್ಮ ಶೆಡ್ಡಿನವರೆಗೂ ಕೇಳಿಸಿತು.