ದೋಣಿಯ ಹಿಂದೆ ಅಡಗಿದ ವಾರ್ಡನ್

ಮೊನ್ನೆ ಬೆಳಿಗ್ಗೆ ಹೊನ್ನಾವರದ ಶರಾವತಿ ದಂಡೆಯಲ್ಲಿ, ಮಗುಚಿಟ್ಟ ದೋಣಿಯೊಂದರ ಹಿಂದೆ ನಾನು ಅಡಗಿ ಕುಳಿತಿದ್ದೆ. ಈ ವಯಸ್ಸಿನಲ್ಲಿ! ಕುತ್ತಿಗೆಯಲ್ಲಿ ಕ್ಯಾಮೆರಾ ಬೇರೆ.

ಯಲ್ಲಾಪುರದ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿದ್ದವಳು ನಾನು. ಅಡಗುವುದು ಹುಡುಗಿಯರ ಕೆಲಸ, ಹಿಡಿಯುವುದು ನನ್ನದು. ಈಗ ಪಾಳಿ ಬದಲಾಗಿತ್ತು.

ನನ್ನನ್ನು ಹುಡುಕುತ್ತಿದ್ದವರು ಶಾರದತ್ತಿಗೆ. ನಮ್ಮ ಯಜಮಾನರ ಅಕ್ಕ. ಹೊನ್ನಾವರದಲ್ಲೇ ಮನೆ. ಈ ವಯಸ್ಸಿನಲ್ಲೂ ಸ್ಕೂಟರ್ ಓಡಿಸುತ್ತಾರೆ.

ನಾನು ಹೋದದ್ದು ಒಂದೇ ಒಂದು ಫೋಟೋಗಾಗಿ. ಸಂಜೆಯ ಬಿಸಿಲಲ್ಲಿ ಉದ್ದನೆಯ ಸೇತುವೆಯ ಮೇಲೆ ರೈಲು, ಕೆಳಗೆ ಹೊಳೆ. ಹಿಂದೆ ಎರಡು ಸಲ ಇದಕ್ಕೆಂದೇ ಹೋಗಿ ಬರಿಗೈಲಿ ಬಂದಿದ್ದೆ. ಅತ್ತಿಗೆಯ ಮನೆಗೆ ಹೋದರೆ ಮೊದಲು ಕಷಾಯ. ಆಮೇಲೆ ಊಟ. 'ಒಂಚೂರು ಅಡ್ಡಾಗು' ಎಂಬ ಅಪ್ಪಣೆ. ಎದ್ದರೆ ಚಹಾ. ಅಷ್ಟರಲ್ಲಿ ರೈಲೂ ಹೋಗಿರುತ್ತದೆ, ಬಿಸಿಲೂ ಹೋಗಿರುತ್ತದೆ. (ಕ್ಯಾಮೆರಾ ಕಂಡರೆ ನಮ್ಮ ಯಜಮಾನರು ಈಗಲೂ ನಗುತ್ತಾರೆ.)

ಆದ್ದರಿಂದ ಈ ಸಲ ಯಾರಿಗೂ ಹೇಳದೆ ನಮ್ಮೂರು ಸಿದ್ದಾಪುರದಿಂದ ಮೊದಲ ಬಸ್ಸು ಹಿಡಿದೆ. ಸಂಜೆಯವರೆಗೆ ದಂಡೆಯಲ್ಲೇ ಕಾಯುವುದು; ಪ್ಲಾನ್ ಪಕ್ಕಾ ಇತ್ತು. ಕೆಡಿಸಿದ್ದು ನನ್ನದೇ ಶಿಸ್ತು.

ದಿನಾ ಬೆಳಿಗ್ಗೆ ಎಂಟರೊಳಗೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ನನ್ನ 'ಶುಭೋದಯ' ಹೋಗಲೇಬೇಕು, ನಾನೇ ತೆಗೆದ ಫೋಟೋದ ಜೊತೆ. ಜ್ವರ ಬಂದಾಗಲೂ ತಪ್ಪಿಸಿಲ್ಲ. ಆ ದಿನವೂ ತಪ್ಪಿಸಲಿಲ್ಲ. ಎದುರಿಗಿದ್ದ ಹೊಳೆಯನ್ನೇ ಫೋನಿನಲ್ಲಿ ಕ್ಲಿಕ್ಕಿಸಿ ಕಳಿಸಿದೆ. ಗ್ರೂಪಿನಲ್ಲಿ ಅತ್ತಿಗೆಯೂ ಇದ್ದಾರೆ ಎಂಬುದು ಹೊಳೆದದ್ದು ಫೋನ್ ರಿಂಗಾದ ಮೇಲೆ.

"ಎಂತೇ ಲಲಿತಾ, ಆ ಹೊಳೆ ನಮ್ಮೂರದ್ದಲ್ದ? ಅಲ್ಲೇ ಇರು. ಆನು ಬತ್ತೆ."

ಸ್ಕೂಟರ್ ಸದ್ದು ಕೇಳಿದ್ದೇ ದೋಣಿಯ ಹಿಂದೆ ಕುಳಿತೆ. ಬಲೆ ಬಿಡಿಸುತ್ತಿದ್ದವನೊಬ್ಬ ನನ್ನನ್ನೇ ನೋಡುತ್ತಿದ್ದ. ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಅವನು ಕೂಗಿಯೇ ಬಿಟ್ಟ: "ಅಮ್ಮಾ, ನೀವು ಹುಡ್ಕೂದು ಇವ್ರನ್ನೇ ಅಲ್ವಾ? ಇಲ್ಲೇ ಕೂತಿದ್ರು ನೋಡಿ!"

ಅತ್ತಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಎಂತ ಕಳ್ದುಹೋತೇ ಅಲ್ಲಿ?"

"ಲೆನ್ಸಿನ ಮುಚ್ಚಳ, ಅತ್ತಿಗೆ."

"ಅದು ಕ್ಯಾಮೆರಾದ ಮ್ಯಾಲೇ ಇದ್ದಲೇ!"

ಇನ್ನೇನು ಉಳಿಯಿತು? ರೈಲಿನ ಕತೆಯೆಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡರೆ ಅತ್ತಿಗೆ ನಕ್ಕರು.

"ಅದಕ್ಕೆ ಇಲ್ಲೆಂತಕ್ಕೆ ಕುಕ್ಕರಗಾಲಲ್ಲಿ ಕೂತಿದ್ದೆ? ನಮ್ಮನೆ ತಾರಸಿಯಿಂದ ಇಡೀ ಸೇತುವೆ ಕಾಣ್ತು. ಹಪ್ಪಳ ಕಾಯ್ತಾ ಆನು ದಿನಾ ನೋಡ್ತೆ."

"ಇಷ್ಟು ದಿನ ಎಂತಕ್ಕೆ ಹೇಳಿದ್ದಿಲ್ಲೆ?"

"ನೀ ಕೇಳಿದ್ಯಾ? ಬಂದ ಗಳಿಗೆಯಿಂದ ನೀ ವಾಚೇ ನೋಡ್ತೆ."

ಸ್ಕೂಟರಿನ ಹಿಂದೆ ಕುಳಿತೆ.

ಊಟಕ್ಕೆ ಅಪ್ಪೆಹುಳಿ. ಮಾವಿನಮಿಡಿಯ ಈ ತೆಳು ಸಾರು ಕುಡಿದವರಿಗೆ ನಿದ್ದೆ ಗ್ಯಾರಂಟಿ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಆದರೂ ಎರಡು ಲೋಟ ಕುಡಿದೆ. (ಯಾರು ಬಿಡುತ್ತಾರೆ?) ಹಗಲು ನಿದ್ದೆ ಎಂದರೆ ಸಿಟ್ಟಾಗುತ್ತಿದ್ದ ವಾರ್ಡನ್ ಚಾಪೆಯ ಮೇಲೆ ಉರುಳಿದಳು. ಅಲಾರಾಂ ಇಟ್ಟಿದ್ದೆನೇ? ಇಲ್ಲ!

"ಏಳೇ, ರೈಲು ಬಂತು! ಹಾಸ್ಟೆಲ್ ಹುಡ್ಗೀರ್ನ ನೀನು ಹೆಂಗೆ ಎಬ್ಬಿಸ್ತಿದ್ದೆ ಮಾರಾಯ್ತಿ?"

ಅತ್ತಿಗೆ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ಇನ್ನೊಂದು ಕೈಯಲ್ಲಿ ನನ್ನ ಕ್ಯಾಮೆರಾ. ಮುಚ್ಚಳವನ್ನೂ ಅವರೇ ತೆಗೆದಿದ್ದರು. ಕೆದರಿದ ತಲೆಯಲ್ಲೇ ಮೆಟ್ಟಿಲೇರಿದೆ. ಬಿಸಿಲು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ರೈಲು ಸೇತುವೆಯ ನಡುವೆಯೇ ಇತ್ತು. ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ.

ಫೋಟೋ ಬಂತು! ರೈಲು, ಸೇತುವೆ, ಹೊಳೆ ಎಲ್ಲವೂ ಇದೆ. ಕೆಳಗಿನ ಮೂಲೆಯಲ್ಲಿ ಅತ್ತಿಗೆಯ ಹಲಸಿನ ಹಪ್ಪಳದ ಸಾಲೂ ಬಂದಿದೆ. ಅದನ್ನು ಕತ್ತರಿಸಿ ತೆಗೆಯಬಹುದಿತ್ತು. ತೆಗೆಯಲಿಲ್ಲ.

ಕೊನೆಯ ಬಸ್ಸು ತಪ್ಪಿತು. ಅಲ್ಲೇ ಉಳಿದೆ. ಮರುದಿನದ ಶುಭೋದಯಕ್ಕೆ ಅದೇ ಫೋಟೋ, ಸರಿಯಾದ ಹೊತ್ತಿಗೆ. ಹಿಂದೆಯೇ ಕುಮಟಾದಿಂದ ಚಿಕ್ಕಮ್ಮನ ಫೋನ್: "ಹೊನ್ನಾವರಕ್ಕೆ ಬಂದವ್ಳಿಗೆ ಕುಮಟೆ ದೂರ ಆತನೇ?"

ಚಿಕ್ಕಮ್ಮನ ಮನೆಯ ತಾರಸಿಯಿಂದ ಏನು ಕಾಣುತ್ತದೆ ಎಂದು ಕೇಳಿಬಿಡಲೇ?