ಶರೀಫಾಬಿಯ ಭಟ್ಟಿ, ಸಾಹುಕಾರರ ಸೀನು

ಬ್ಯಾಡಗಿಯಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಶರೀಫಾಬಿ ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ತಂತಿ ಸುತ್ತಿದ್ದಾಳೋ ಲೆಕ್ಕವಿಲ್ಲ. ಮಾತು ಮಾತ್ರ ಸುತ್ತಿದವಳಲ್ಲ. ಕೆಲಸ ಸರಿಹೋದರೆ ಜನ ಅವಳ ಗಂಡ, ಟೆಂಪೊ ಓಡಿಸುವ ಫಕ್ಕೀರಸಾಬನನ್ನು ಹೊಗಳುತ್ತಾರೆ. ಕೆಟ್ಟರೆ ಅವಳನ್ನು ಬೈಯುತ್ತಾರೆ. ಫಕ್ಕೀರಸಾಬನಿಗೆ ಮನೆಯ ಬಲ್ಬು ಬದಲಿಸಲೂ ಬಾರದು.

ಈ ಜನವರಿಯಲ್ಲಿ ಅಕಾಲದ ಮಳೆಗೆ ಮೆಣಸಿನಕಾಯಿ ತೊಯ್ದಾಗ, ವ್ಯಾಪಾರಿ ಶಶಿಕಾಂತ ಅದನ್ನು ಒಣಗಿಸಲು ರಾಣೆಬೆನ್ನೂರಿನ ಗುಜರಿಯಿಂದ ಹಳೆಯ ಕರೆಂಟ್ ಭಟ್ಟಿಯೊಂದನ್ನು ತಂದ. ಕಾಯುವ ಸುರುಳಿಗಳು ಗಟ್ಟಿಯಾಗಿದ್ದವು; ಗಾಳಿ ಊದುವ ಮೋಟರು ಸತ್ತಿತ್ತು. ಶರೀಫಾಬಿ ಅದನ್ನು ಹೊಸದಾಗಿ ಸುತ್ತಿ, ಗಾಳಿ ಬೀಸಿದರೆ ಮಾತ್ರ ಸುರುಳಿ ಕಾಯುವಂತೆ ತಂತಿ ಜೋಡಿಸಿದಳು.

“ಬ್ಲೋವರ್ ನಿಂತ್ರ ಕಾಯೋದೂ ನಿಂದರ್ತೈತ್ರಿ ಸಾಹುಕಾರ್ರ. ಅದಕ್ಕ ಕೈ ಹಚ್ಚಬ್ಯಾಡ್ರಿ.”

ನಾಲ್ಕನೆಯ ದಿನ ಎಂಟು ಚೀಲ ಕಾಯಿ ಸೀದು ಕರ್ರಗಾಯಿತು. ಮಾರುಕಟ್ಟೆಯಲ್ಲಿ ಹತ್ತು ಜನರ ಮುಂದೆ ಶಶಿಕಾಂತ ಸಾರಿದ: “ಹೆಣ್ಮಗಳ ಕೈಯಾಗ ವೈರಿಂಗ್ ಕೊಟ್ಟೆ ನೋಡ್ರಿ, ನನ್ನ ಬುದ್ಧಿ.” ಸಂಜೆಯೊಳಗೆ, ಅವಳಲ್ಲಿ ದುರಸ್ತಿಗೆ ಬಿಟ್ಟಿದ್ದ ಮೂರು ಪಂಪುಗಳನ್ನು ಜನ ವಾಪಸ್ ಒಯ್ದರು.

ಮರುದಿನ ಶರೀಫಾಬಿ ಟೆಸ್ಟರ್ ಹಿಡಿದು ಅವನ ಗೋದಾಮಿಗೆ ಹೋದಳು. ತೊಟ್ಟು ಬಿಡಿಸುತ್ತಿದ್ದ ಹೆಂಗಸರ ಎದುರೇ ಭಟ್ಟಿಯ ಮುಚ್ಚಳ ಬಿಚ್ಚಿದಳು. ಅವಳು ಹಾಕದ ಹಳದಿ ತಂತಿಯೊಂದು ಬ್ಲೋವರನ್ನು ಬಿಟ್ಟು ಸುರುಳಿಗೆ ನೇರ ಕರೆಂಟು ಕೊಡುತ್ತಿತ್ತು.

“ಇದು ಯಾರ ಕೆಲಸಾರಿ?”

ಶಶಿಕಾಂತ ತಗಡಿನ ಛಾವಣಿ ನೋಡಿದ. ತೊಟ್ಟು ಬಿಡಿಸುವ ಮೈಲವ್ವ ತಲೆಯೆತ್ತಿದಳು. “ಗಾಳಿ ಬಿಟ್ರ ಘಾಟು ಆಫೀಸಿನ ತನಕಾ ಬರ್ತೈತಿ, ಸೀನು ನಿಂದ್ರವಲ್ದು ಅಂತ ಸಾಹುಕಾರ್ರು ಯಾರನ್ನೋ ಕರಿಸಿ ಬ್ಲೋವರ್ ಬಂದ್ ಮಾಡ್ಸ್ಯಾರವಾ. ನಾವು ದಿನಾ ಇದ್ರಾಗ ಕುಂದ್ರತೇವಿ, ನಮ್ಮ ಮೂಗು ಯಾರೂ ಕೇಳ್ಲಿಲ್ಲ.”

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಸಾಧು ಕಾಯಿಯ ಘಾಟನ್ನೂ ತಾಳದ ಮೂಗು, ಊರಿನ ಹೆಂಗಸೊಬ್ಬಳ ಹೆಸರು ಕೆಡಿಸಲು ಮಾತ್ರ ಸಲೀಸಾಗಿ ಏರಿತ್ತು.

“ಆತು ಬಿಡವಾ,” ಅಂದ ಶಶಿಕಾಂತ, “ಈಗ ಜೋಡಿಸಿ ಕೊಡು. ಇನ್ನಾ ನಲವತ್ತು ಚೀಲ ಹಸಿ ಅದಾವ. ಇಲ್ಲಾಂದ್ರ ಫಕ್ಕೀರಸಾಬನ್ನ ಕಳಸು, ಅವಾ ತಿಳದಾವ.”

“ಕಳಸ್ತೇನ್ರಿ, ಚೀಲ ಹೊರಾಕ. ನಿನ್ನೆ ಎಲ್ಲಿ ನಿಂತು ನನ್ನ ಹೆಸರು ತಗದ್ರಿ, ಅಲ್ಲೇ ನಿಂತು ಈ ತಂತಿ ಯಾರು ಹಾಕ್ಸಿದ್ದು ಅಂತ ಹೇಳಿ ಬರ್ರಿ. ಆಮ್ಯಾಲ ಜೋಡಸ್ತೇನಿ.”

ಅವಳು ಹಳದಿ ತಂತಿ ಕಿತ್ತು ಅವನ ಕೈಗಿಟ್ಟಳು. ಹೊರಗೆ ಮತ್ತೆ ಮೋಡ ಕಟ್ಟುತ್ತಿತ್ತು. ನಲವತ್ತು ಚೀಲಗಳತ್ತ ನೋಡಿ, ಶಶಿಕಾಂತ ತಂತಿ ಹಿಡಿದುಕೊಂಡೇ ಮಾರುಕಟ್ಟೆಯ ಕಡೆ ಹೊರಟ.

ಪೂರ್ತಿ ಹೇಳುತ್ತಾನೋ ಅರ್ಧ ನುಂಗುತ್ತಾನೋ ನೋಡಿ ಬರಲು ಮೈಲವ್ವ ಸೆರಗು ಕೊಡವಿ ಹಿಂದೆಯೇ ನಡೆದಳು.